ಭಾವನವರ ಬಸರಿ

ಕುಂಡದಲ್ಲಿ ಮರವನ್ನು ಕುಬ್ಜವಾಗಿ ಬೆಳೆಸುವ ಕಲೆಯನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಮೊದಲ ರೂಪವನ್ನು ಕೊಡುವ ಬಗೆಯನ್ನೇ ಹೇಳುತ್ತಾರೆ. ಒಬ್ಬರು ತಿದ್ದಿ ನಿಲ್ಲಿಸಿದ ಮರವು ನೋಡುವವರಿಲ್ಲದೆ ಕೆಲವು ವರ್ಷ ಬಿದ್ದಿದ್ದು, ಅನಂತರ ಇನ್ನೊಬ್ಬರ ಕೈಗೆ ಬಂದರೆ ಅದನ್ನು ಏನು ಮಾಡತಕ್ಕದ್ದು? ಹಳೆಯ ರೂಪಕ್ಕೇ ಮರಳಿ ತರಬೇಕೆ, ಬೇರೊಂದನ್ನು ಕೊಡಬಹುದೆ? ಈ ಪ್ರಶ್ನೆ ಹೆಚ್ಚು ಕಷ್ಟವಾದುದು. ನಮ್ಮ ಅಕ್ಕನ ಮನೆಯ ಬಸರಿಯ ಗಿಡವೊಂದರ ದೆಸೆಯಿಂದ ಇದು ನನ್ನ ಪಾಲಿಗೂ ಬಂದಿತು.

ಬೋನ್ಸಾಯ್ ಎಂಬ ಮಾತು ಜಪಾನೀಯರದು. ಬೋನ್ ಎಂದರೆ ತಟ್ಟೆಯಂಥ ಪಾತ್ರೆ, ಸಾಯ್ ಎಂದರೆ ನೆಡುವುದು. ಅವರಿಗೆ ಈ ಕಲೆ ಚೀನದಿಂದ ಬಂದುದು, ಕ್ರಿ. ಶ. 706ರಲ್ಲಿ ಕಟ್ಟಿದ ಚೀನದ ರಾಜಕುಮಾರನೊಬ್ಬನ ಸಮಾಧಿಯ ಗೋಡೆಯ ಮೇಲೆ, ಪುಟ್ಟ ಗಿಡಗಳುಳ್ಳ ತಟ್ಟೆಯನ್ನು ಹಿಡಿದು ನಡೆಯುವ ಪರಿಚಾರಕರ ಚಿತ್ರವುಂಟು. ಇದು ನಮ್ಮ ಋಷಿಗಳದೇ ವಾಮನವೃಕ್ಷವಿದ್ಯೆಯೆಂದು ವಾದಿಸುವ ಸ್ನೇಹಿತರು ಕೆಲವರಿದ್ದಾರೆ. ಪಾಠಶಾಲೆಯಲ್ಲಿ ಓದಿದವನಾದರೂ ನಾನು ಆ ಪಕ್ಷದವನಲ್ಲ. ನಮ್ಮವರ ಹೆಚ್ಚಳವಿರುವುದು ವೃಕ್ಷಚಿಕಿತ್ಸೆಯಲ್ಲಿ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಎಲೆ ಬೆಳ್ಳಗಾಗುವುದು, ಚಿಗುರು ಏಳದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಇವು ರೋಗದ ಲಕ್ಷಣಗಳು. ಮೊದಲು ಶಸ್ತ್ರದಿಂದ ಶೋಧಿಸಿ, ಆಮೇಲೆ ವಾಯುವಿಳಂಗ ತುಪ್ಪ ಕೆಸರುಗಳನ್ನು ಬಳಿದು, ಹಾಲು ಬೆರೆಸಿದ ನೀರನ್ನು ಎರೆಯಬೇಕು ಎಂಬುದು ಅವನ ವಿಧಿ.

ಬಸರಿಗೆ ಸಂಸ್ಕೃತದಲ್ಲಿ ಪ್ಲಕ್ಷವೆಂದು ಹೆಸರು. ಪುರಾಣಗಳ ಏಳು ದ್ವೀಪಗಳಲ್ಲೊಂದು ಈ ಮರದಿಂದಲೇ ಪ್ಲಕ್ಷದ್ವೀಪವೆನಿಸಿತು. ನಮ್ಮ ಭಾವನವರು ನಿವೃತ್ತರಾದ ವರ್ಷ, ಎಂದರೆ 1994ರಲ್ಲಿ, ಮನೆಯ ಬಾವಿಯ ಕಟ್ಟಡದ ಬಿರುಕಿನಲ್ಲಿ ಹುಟ್ಟಿದ್ದ ಗೇಣುದ್ದದ ಸಸಿಯೊಂದನ್ನು ಕಿತ್ತು ಕುಂಡದಲ್ಲಿ ನೆಟ್ಟರು. "ದ್ವೀಪವನ್ನೇ ತಟ್ಟೆಯಲ್ಲಿಟ್ಟಿದ್ದೇನೆ, ನೋಡಯ್ಯ" ಎಂದು ನನ್ನೊಡನೆ ಹಾಸ್ಯ ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷ ಅದನ್ನು ನೆಟ್ಟಗೆ ನಿಲ್ಲುವ ಕಾಂಡದ ರೂಪದಲ್ಲಿ ಬೆಳೆಸಿದರು. ಜಪಾನೀಯರು ಇದನ್ನು ಚೊಕ್ಕನ್ ಎನ್ನುತ್ತಾರೆ. ಲೆಕ್ಕಪತ್ರದ ಇಲಾಖೆಯಲ್ಲಿದ್ದವರಿಗೆ ಒಪ್ಪುವ ರೂಪವೇ ಅದು. ಒಂದು ಕೊಂಬೆ ಎಡಕ್ಕಾದರೆ ಮೇಲಿನದು ಬಲಕ್ಕೆ.

2016ರಲ್ಲಿ ಅವರು ತೀರಿಕೊಂಡರು. ಅಕ್ಕ ಮಗನ ಬಳಿಗೆ ಪುಣೆಗೆ ಹೋದಳು. ಬಾಡಿಗೆಗೆ ಬಂದವರು ಗಿಡವನ್ನು ಹಿತ್ತಲಿಗೆ ಒಯ್ದು ಒಗೆಯುವ ಕಲ್ಲಿನ ಪಕ್ಕದಲ್ಲಿಟ್ಟರು. ಅಲ್ಲಿಂದ ಮುಂದೆ ಅದಕ್ಕೆ ಯಾರೂ ಇಲ್ಲ. 2021ರಲ್ಲಿ ಅಕ್ಕ ಹಿಂದಿರುಗಿದಾಗ ನಾವು ಕಂಡದ್ದೇನು? ಬೇರು ಕುಂಡದ ತಳದ ರಂಧ್ರದಿಂದ ಹೊರಟು ನೆಲಕ್ಕೆ ಇಳಿದಿತ್ತು. ವಾಮನನಿಗೆ ತ್ರಿವಿಕ್ರಮನ ನೆನಪಾಗಿತ್ತು. ಗಿಡ ಬದುಕಿದ್ದೇ ಆ ಬೇರಿನಿಂದ, ಕೆಟ್ಟದ್ದೂ ಅದರಿಂದಲೇ. ನೆಲದ ಸಾರವೆಲ್ಲ ಕೆಳಗಿನ ಬಲಗೊಂಬೆಯೊಂದಕ್ಕೆ ಹರಿದು, ಅದು ಹೆಬ್ಬೆರಳಿನಷ್ಟು ದಪ್ಪವಾಗಿ ಆಳೆತ್ತರಕ್ಕೆ ಏರಿತ್ತು. ಅದರ ನೆರಳಿನಲ್ಲಿ ಉಳಿದ ಕೊಂಬೆಗಳು ಸತ್ತಿದ್ದವು. ಭಾವನವರು ಅಷ್ಟು ಜೋಪಾನ ಮಾಡಿದ ಶಿಖರ ಒಣಗಿ ನಿಂತಿತ್ತು.

2022ರ ಜ್ಯೇಷ್ಠದಲ್ಲಿ ಮಳೆ ಹಿಡಿದ ಮೇಲೆ ನೆಲದ ಬೇರನ್ನು ಅರ್ಧ ಕಡಿದು, ಒಂದು ತಿಂಗಳು ಬಿಟ್ಟು ಪೂರ್ತಿ ಬಿಡಿಸಿದೆ. ಅಗಲವಾದ ಮಣ್ಣಿನ ಕುಂಡದಲ್ಲಿ ಇಟ್ಟಿಗೆಯ ಚೂರು ಸೇರಿಸಿದ ಸಡಿಲ ಮಣ್ಣು ಹಾಕಿ ನೆಟ್ಟು, ಆ ಉದ್ದದ ಕೊಂಬೆಯನ್ನು ಮೊಳದಷ್ಟಕ್ಕೆ ಮೊಟಕುಮಾಡಿ, ಮುಂದೆ ಒಂದು ವರ್ಷ ಕತ್ತರಿಯನ್ನು ಮುಟ್ಟಲಿಲ್ಲ. ಆಲ ಅತ್ತಿ ಬಸರಿಗಳಂಥ ಹಾಲುಮರಗಳು ಮುದಿ ಕಾಂಡದಿಂದಲೂ ಚಿಗುರಬಲ್ಲವು. ಆದರೆ ಮೈಯಲ್ಲಿ ಶಕ್ತಿಯಿದ್ದರೆ ಮಾತ್ರ. ವರಾಹಮಿಹಿರನ ಚಿಕಿತ್ಸೆಯಲ್ಲಿ ಶಸ್ತ್ರದ ಭಾಗವನ್ನಷ್ಟೇ ಅನುಸರಿಸಿದೆ. ತುಪ್ಪ ಹಾಲುಗಳನ್ನು ಕೊಡಲು ಅಕ್ಕನ ಅಡುಗೆಮನೆ ಒಪ್ಪುವಂತಿರಲಿಲ್ಲ.

ಮರುವರ್ಷ ರೂಪದ ವಿಚಾರ ಬಂತು. ಸತ್ತ ಶಿಖರದ ಕೆಳಗಿಂದ ಹೊಸದೊಂದು ಚಿಗುರನ್ನು ಎಬ್ಬಿಸಿ ಹಳೆಯ ಚೊಕ್ಕನ್ ರೂಪವನ್ನು ಮತ್ತೆ ಕಟ್ಟಬಹುದು. ಅದಕ್ಕೆ ಹತ್ತು ವರ್ಷವಾದರೂ ಬೇಕು, ಜೀವವೆಲ್ಲ ಸೇರಿರುವ ಬಲಗೊಂಬೆಯನ್ನೂ ಬಲಿಕೊಡಬೇಕು. ಇಲ್ಲವೆ, ಕಾಂಡವನ್ನು ಓರೆಯಾಗಿ ನೆಟ್ಟು, ಆ ಕೊಂಬೆಯನ್ನೇ ಕಾಂಡದ ಮುಂದುವರಿಕೆಯೆಂದು ಒಪ್ಪಿಕೊಂಡು, ಗಾಳಿಗೆ ವಾಲಿದ ಮರದ ರೂಪವನ್ನು ಕೊಡಬಹುದು. ಇದು ಅವರ ಷಾಕನ್. ಜಪಾನಿನವರು ಜುನಿಪರ್ ಮರದ ಸತ್ತ ತುದಿಯನ್ನು ಕೆತ್ತಿ, ಸುಣ್ಣ ಗಂಧಕಗಳ ದ್ರಾವಣ ಬಳಿದು, ಬೆಳ್ಳನೆಯ ಎಲುಬಿನಂತೆ ಉಳಿಸಿಕೊಳ್ಳುವುದುಂಟು. ಬಸರಿಯ ಮರ ಮೆದು. ನಮ್ಮ ಮಳೆಗೆ ಕೊಳೆತು ಆ ಕೊಳೆ ಜೀವವಿರುವ ಭಾಗಕ್ಕೂ ಇಳಿಯುತ್ತದೆ. ಆದ್ದರಿಂದ ಎರಡನೆಯ ಮಾರ್ಗವನ್ನು ಹಿಡಿದರೆ ಶಿಖರವನ್ನು ಕಡಿಯಲೇಬೇಕು.

ಅಕ್ಕನ ಕೋಣೆಯಲ್ಲಿ ಭಾವನವರು ಆ ಗಿಡದ ಪಕ್ಕದಲ್ಲಿ ಕುಳಿತಿರುವ ಭಾವಚಿತ್ರವಿದೆ. ಅವಳು ಅದನ್ನು ತಂದು ನನ್ನ ಮುಂದಿಟ್ಟು, "ಆಮೇಲೆ ಇದು ಅವರ ಗಿಡವಾಗಿರುವುದಿಲ್ಲ ಕಣೋ, ನಿನ್ನದಾಗುತ್ತದೆ" ಎಂದಳು. ನಲವತ್ತು ವರ್ಷ ಹುಡುಗರಿಗೆ ಉತ್ತರ ಹೇಳಿಕೊಟ್ಟವನಿಗೆ ಇದಕ್ಕೆ ಉತ್ತರ ತೋಚಲಿಲ್ಲ. ಒಂದು ತಿಂಗಳು ಗರಗಸವನ್ನು ಕೈಗೆ ತೆಗೆದುಕೊಳ್ಳಲಿಲ್ಲ.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತಿದ್ದುದು ಹಿರೋಷಿಮಾದ ಪೈನ್ ಮರ. 1625ರಿಂದ ಅದನ್ನು ಕುಂಡದಲ್ಲಿ ಬೆಳೆಸುತ್ತ ಬಂದಿದ್ದರು. 1945ರಲ್ಲಿ ಅಣುಬಾಂಬು ಸಿಡಿದ ಎಡೆಯಿಂದ ಸುಮಾರು ಮೂರು ಕಿಲೋಮೀಟರು ದೂರದಲ್ಲಿ, ಯಾಮಾಕಿ ಮನೆತನದವರ ತೋಟದ ಗೋಡೆಯ ಮರೆಯಲ್ಲಿದ್ದು ಅದು ಉಳಿಯಿತು. ಮಸಾರು ಯಾಮಾಕಿಯವರು 1976ರಲ್ಲಿ ಅದನ್ನು ಅಮೆರಿಕೆಗೇ ಕೊಟ್ಟರು; ವಾಷಿಂಗ್ಟನ್ನಿನ ವೃಕ್ಷೋದ್ಯಾನದಲ್ಲಿದೆ. ಅದು ಬಾಂಬಿಗೆ ಉಳಿದ ಮರವೆಂಬುದು ಅಲ್ಲಿಯವರಿಗೆ ತಿಳಿದದ್ದು 2001ರಲ್ಲಿ, ಮೊಮ್ಮಕ್ಕಳು ನೋಡಲು ಹೋದಾಗ. ಮೊದಲು ಕತ್ತರಿ ಹಿಡಿದವನು ಕಂಡ ಕೊಂಬೆಗಳು ಇಂದು ಹಾಗೆಯೇ ಇರಲಾರವು. ಇದನ್ನು ಅಕ್ಕನಿಗೆ ಹೇಳಿದೆ. ಅವಳು ಕೇಳಿ, "ಅದು ಪರದೇಶದವರ ಮಾತಾಯಿತು" ಎಂದು ಸುಮ್ಮನಾದಳು.

ಅವಳನ್ನು ಒಪ್ಪಿಸಿದ್ದು ಪೈನ್ ಮರವಲ್ಲ, ಅವಳ ಉಗುರೇ. ಜೀವವಿರುವ ತೊಗಟೆಯನ್ನು ಕೆರೆದರೆ ಒಳಗೆ ಹಸಿರು ಕಾಣುತ್ತದೆ, ಸತ್ತದ್ದರಲ್ಲಿ ಕಂದು. ಒಂದು ಬೆಳಗ್ಗೆ ಅವಳೇ ಶಿಖರವನ್ನು ಕೆರೆದು ನೋಡಿದಳು. ಅಂಗುಲ ಕೆಳಗೆ, ಮತ್ತೊಂದು ಅಂಗುಲ ಕೆಳಗೆ. ಆಮೇಲೆ ಬಲಗೊಂಬೆಯನ್ನು ಕೆರೆದಳು, ಹಾಲು ಜಿನುಗಿತು. ಬೆರಳನ್ನು ಸೆರಗಿಗೆ ಒರಸಿಕೊಂಡು "ಸರಿ, ತೆಗೆ" ಎಂದಳು.

ಕಡಿಯುವುದು ಕಾಲು ಗಂಟೆಯ ಕೆಲಸ. ಹಾಲು ನಿಲ್ಲುವವರೆಗೆ ಒದ್ದೆ ಬಟ್ಟೆ ಒತ್ತಿ, ಗಾಯವನ್ನು ನೀರು ನಿಲ್ಲದಂತೆ ಓರೆಯಾಗಿ ಕೆತ್ತಿದೆ. ದಪ್ಪ ಕೊಂಬೆಯನ್ನು ಬಾಗಿಸುವುದೇ ಕಷ್ಟ. ನೆನೆಸಿದ ನಾರನ್ನು ಬಿಗಿಯಾಗಿ ಸುತ್ತಿ, ಹುರಿಯಿಂದ ಕುಂಡದ ಅಂಚಿಗೆ ಕಟ್ಟಿ, ವಾರಕ್ಕೊಮ್ಮೆ ಒಂದೆರಡು ಗೆರೆಯಷ್ಟು ಎಳೆಯುತ್ತ ಹೋದೆ. ಎಳೆಯ ರೆಂಬೆಗಳಿಗೆ ಅಲ್ಯುಮಿನಿಯಮ್ ತಂತಿ. ಮಳೆಗಾಲದಲ್ಲಿ ಬಸರಿ ಬೇಗ ದಪ್ಪಗಾಗಿ ತಂತಿಯನ್ನು ನುಂಗತೊಡಗುತ್ತದೆ. ಮೂರು ವಾರಕ್ಕೊಮ್ಮೆ ಬಿಚ್ಚಿ ಬೇರೆಡೆಗೆ ಸುತ್ತಬೇಕು. ಮರದ ಮುಖವೂ ಬದಲಾಯಿತು. ಭಾವನವರು ಜಗಲಿಯ ಕಡೆಗೆ ತಿರುಗಿಸಿದ್ದ ಮಗ್ಗುಲು ಈಗ ಹಿಂಬದಿ. ಅವರ ಚಿತ್ರದಲ್ಲಿ ಬಲಗೊಂಬೆಯೂ ಇದೆ, ಪೊರಕೆಕಡ್ಡಿಯಷ್ಟು. ಅದನ್ನು ಗುರುತು ಹಿಡಿದವಳೂ ಅಕ್ಕನೇ.

ಈ ವಸಂತದಲ್ಲಿ ಎಲೆಯೆಲ್ಲ ಉದುರಿ ತಾಮ್ರವರ್ಣದ ಚಿಗುರು ಬಂದಿದೆ. ಗಾಯದ ಕೆಳಗೆ, ಹಳೆಯ ಕಾಂಡದ ನೇರದಲ್ಲಿಯೇ, ಒಂದು ಮೊಗ್ಗೆ ಒಡೆದು ಎರಡು ಎಲೆ ಬಿಟ್ಟಿದೆ. ಹೊಸ ರೂಪಕ್ಕೆ ಅದು ಅಡ್ಡಿ, ಶಾಸ್ತ್ರದಂತೆ ಚಿವುಟಬೇಕು. ಅಕ್ಕ "ಮಳೆ ಬರುವ ತನಕ ಇರಲಿ ಬಿಡು" ಎಂದಿದ್ದಾಳೆ. ಬಿಟ್ಟಿದ್ದೇನೆ.