ನಮ್ಮೂರ ಸಾಲಿ, ನಮ್ಮ ಸಹಿ

ಹೋರಾಟ ಎಂದ ಕೂಡಲೆ ಎಲ್ಲರ ಕಣ್ಣ ಮುಂದೆ ಬರುವುದು ಮೈಕು, ಬ್ಯಾನರು, ತಹಸೀಲ್ದಾರರ ಕಚೇರಿ ಮುಂದಿನ ಶಾಮಿಯಾನ. ಮುಂದಿನ ಸಾಲಿನಲ್ಲಿ ಗಂಡಸರು, ಹಿಂದೆ ಸೆರಗು ಹೊದ್ದ ನಾಲ್ಕಾರು ಹೆಂಗಸರು. ಇಷ್ಟು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದ ನನಗೆ ಅನಿಸುವುದೇ ಬೇರೆ. ಶಾಲೆ ಉಳಿಸುವ ಕೆಲಸದ ಅರ್ಧಪಾಲು, ಶಾಮಿಯಾನದ ಗೂಟ ನೆಡುವ ಮೊದಲೇ ಮನೆಕಟ್ಟೆಯ ಮೇಲೆ ಕುಳಿತ ಹೆಂಗಸರ ನಡುವೆ ಆಗಿರಬೇಕು.

ನೌಕರಿಯಲ್ಲಿರುವ ನಾನು ಘೋಷಣೆ ಕೂಗುವ ಹಾಗಿಲ್ಲ. ಆದರೆ ಅರ್ಜಿ ಬರೆಯುವುದು ಹೇಗೆಂದು ತಾಯಂದಿರಿಗೆ ಹೇಳಿಕೊಡಬಹುದಲ್ಲ? ಅದೂ ಪಾಠವೇ.

ಕೆಲವು ವರ್ಷಗಳ ಹಿಂದೆ ನಮ್ಮ ಬಸವನ ಬಾಗೇವಾಡಿ ಕಡೆಯ ಒಂದು ತಾಂಡಾದಲ್ಲಿ, ಮಕ್ಕಳು ಕಡಿಮೆ ಎಂದು ಶಾಲೆಯನ್ನು ದೊಡ್ಡೂರಿನ ಶಾಲೆಗೆ ಸೇರಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಕಡಿಮೆ ಏಕೆ? ನಮ್ಮ ಭಾಗದ ಬಡವರು ಸುಗ್ಗಿ ಮುಗಿಸಿ ಗೋವಾ, ಮಂಗಳೂರು, ಮಹಾರಾಷ್ಟ್ರದ ಕಬ್ಬಿನ ಹೊಲ ಎಂದು ದುಡಿಯಲು ಹೋಗುತ್ತಾರೆ. ಮಕ್ಕಳೂ ಬೆನ್ನ ಹಿಂದೆ. ಎಣಿಸಲು ಬಂದವರಿಗೆ ಕಾಣುವುದು ಖಾಲಿ ಕೋಣೆ. ಆಗ ಒಬ್ಬ ತಾಯಿ ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಉಳಿದಿದೆ: "ಅಕ್ಕೋರ, ನಮ್ಮ ಹುಡುಗರು ದುಡಿಯಾಕ ಹೋಗ್ಯಾವ, ಸಾಲಿ ಬಿಟ್ಟಿಲ್ಲ. ತಿರುಗಿ ಬಂದಾಗ ಸಾಲಿನ ಇರದಿದ್ರ ಎಲ್ಲಿ ಹೋಗಬೇಕು?"

ಆ ಹೆಂಗಸರು ಮೊದಲು ಮಾಡಿದ್ದು ಪಟ್ಟಿ. ಮನೆಮನೆಗೆ ಹೋಗಿ, ಅಜ್ಜಿಯರ ಬಾಯಿಂದ ಮಕ್ಕಳ ಹೆಸರು, ವಯಸ್ಸು, ಈಗ ಎಲ್ಲಿದ್ದಾರೆ, ಯಾವಾಗ ಬರುತ್ತಾರೆ ಎಂದು ಬರೆಸಿದರು. ಬಳಿಕ ದೊಡ್ಡೂರಿನ ದಾರಿಯನ್ನು ಮೋಟಾರ್ ಸೈಕಲ್ಲಿನ ಮೀಟರಿನಲ್ಲಿ ಅಳೆಸಿದರು. ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಸಣ್ಣವರು ದಾಟುವಂಥದ್ದಲ್ಲ ಎಂದೂ ಬರೆದರು. ಶಾಲೆಯ ಸಮಿತಿಯಲ್ಲಿ ಠರಾವು ಮಾಡಿಸಿ, ಗ್ರಾಮಸಭೆಯಲ್ಲಿ ಓದಿಸಿದರು. ಅರ್ಜಿ ಕೊಟ್ಟ ಕಡೆಯೆಲ್ಲ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಎದ್ದರು. ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಗಾಳಿಗೆ ಹೋಗುತ್ತದೆ, ಮುದ್ರೆ ಬಿದ್ದ ಕಾಗದ ಹೋಗುವುದಿಲ್ಲ. ಆ ವರ್ಷ ಶಾಲೆ ಉಳಿಯಿತು.

ಇದಕ್ಕೆಲ್ಲ ಕಾನೂನಿನ ಬಲವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದು ಅದು ಹೇಳುತ್ತದೆ. ನಮ್ಮ ರಾಜ್ಯದ ನಿಯಮದಂತೆ ಒಂದರಿಂದ ಐದನೆಯ ತರಗತಿಯವರಿಗೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯವರಿಗೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಮೀಟರಿನಲ್ಲಿ ಅಳೆದ ದಾರಿಗೆ ಬೆಲೆ ಬರುವುದು ಇಲ್ಲಿಯೇ. ಆದರೆ ಎಷ್ಟೋ ಸಮಿತಿಗಳಲ್ಲಿ ಹೆಂಡತಿಯ ಹೆಸರಿರುತ್ತದೆ, ಸಭೆಗೆ ಗಂಡ ಬರುತ್ತಾನೆ!

ಹಾಗಂತ ಬೀದಿಗಿಳಿಯುವುದು ಬೇಡವೆಂದಲ್ಲ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ಮಕ್ಕಳು, ಪೋಷಕರು ಸೇರಿಯೇ ಪ್ರತಿಭಟಿಸಿದರು. ನಮ್ಮ ವಿಜಯಪುರದಲ್ಲಿ ವೈದ್ಯಕೀಯ ಕಾಲೇಜು ಖಾಸಗಿ ಸಹಭಾಗಿತ್ವದಲ್ಲಿ ಬೇಡ, ಪೂರ್ತಿ ಸರ್ಕಾರಿಯದೇ ಬೇಕು ಎಂದು 2025ರ ಸೆಪ್ಟೆಂಬರಿನಲ್ಲಿ ಧರಣಿ ಶುರುವಾಗಿ ನೂರು ದಿನ ದಾಟಿತು. ಅದೇ ವರ್ಷ, ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಹೆಚ್ಚಿಸುವಾಗ ಸುತ್ತಲಿನ ಸಣ್ಣ ಶಾಲೆಗಳು ಮುಚ್ಚಿಹೋಗುತ್ತವೆಂದು ವಿದ್ಯಾರ್ಥಿಗಳು ಮನೆಮನೆಗೆ ಸಹಿ ಸಂಗ್ರಹಕ್ಕೆ ಬಂದರು. ಇವರ ಕೂಗಿಗೆ ಬೆನ್ನೆಲುಬಾಗುವುದು ಪಟ್ಟಿ ಹಿಡಿದು ತಿರುಗಿದವರ ಲೆಕ್ಕವೇ.

ದೊಡ್ಡ ಶಾಲೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಐದು ತರಗತಿಗೆ ಒಬ್ಬರೇ ಶಿಕ್ಷಕಿ ಇದ್ದಾಗ ಆಗುವ ಪಾಡು ನನಗೆ ಗೊತ್ತು. ಆದರೆ ದಾರಿ ದೂರವಾದಾಗ ಮೊದಲು ಮನೆಯಲ್ಲಿ ಉಳಿಯುವವಳು ಹುಡುಗಿ. ಹುಡುಗನಿಗೆ ಸೈಕಲ್ಲು ಬರುತ್ತದೆ, ಹುಡುಗಿಗೆ ತಮ್ಮನನ್ನು ಆಡಿಸುವ ಕೆಲಸ ಬರುತ್ತದೆ.

ಪೇಟೆಯಲ್ಲಿರುವ ನಮಗೇನು ಎಂದೀರಿ. ನಮ್ಮ ಓಣಿಯ ಮಕ್ಕಳೆಲ್ಲ ಬೆಳಿಗ್ಗೆ ಕಾನ್ವೆಂಟಿನ ವ್ಯಾನು ಹತ್ತಿ ಹೋಗುತ್ತಾರೆ, ನಿಜ. ಆದರೆ ನಿಮ್ಮ ಮನೆಯ ಪಾತ್ರೆ ತೊಳೆಯುವವಳ ಮಗಳು ಎಲ್ಲಿ ಓದುತ್ತಾಳೆ, ಕೇಳಿದ್ದೀರಾ? ತಾಂಡಾದ ಹೆಂಗಸರು ನನ್ನನ್ನು ಕೇಳಿಯೇಬಿಟ್ಟಿದ್ದರು, "ಅಕ್ಕೋರ, ನಿಮ್ಮ ಮಕ್ಕಳು ಎಲ್ಲಿ ಕಲ್ತಾವ?" ಎಂದು. ನನ್ನ ಮಗಳು ನಾನು ಪಾಠ ಹೇಳುವ ಶಾಲೆಯಲ್ಲೇ ಕಲಿತವಳು. ಇಲ್ಲದಿದ್ದರೆ ಅವತ್ತು ನನ್ನ ಬಾಯಿ ಕಟ್ಟುತ್ತಿತ್ತು. ದಾಖಲಾತಿ ಪುಸ್ತಕದಲ್ಲಿ ಬರೆಸಿದ ಒಂದು ಹೆಸರು ಹತ್ತು ಭಾಷಣಕ್ಕೆ ಸಮ. ಮಕ್ಕಳೇ ಇಲ್ಲದ ಶಾಲೆಯ ಪರವಾಗಿ ಯಾವ ಅರ್ಜಿಯೂ ಬಹಳ ದಿನ ನಿಲ್ಲುವುದಿಲ್ಲ.

ಮಕ್ಕಳನ್ನು ಅಲ್ಲಿಗೆ ಕಳಿಸುವುದು ಎಲ್ಲರಿಂದಲೂ ಆಗಲಿಕ್ಕಿಲ್ಲ. ಇಷ್ಟಾದರೂ ಆಗುತ್ತದೆ: ಸಹಿಯ ಪಟ್ಟಿ ಹಿಡಿದು ಹುಡುಗಿಯೊಬ್ಬಳು ನಿಮ್ಮ ಬಾಗಿಲು ತಟ್ಟಿದರೆ, "ಯಜಮಾನರು ಮನೆಯಲ್ಲಿಲ್ಲ" ಎಂದು ಕಳಿಸಬೇಡಿರಿ. ಒಳಗೆ ಕರೆದು ನೀರು ಕೊಡಿ. ಕಾಗದವನ್ನು ಪೂರ್ತಿ ಓದಿ, ತಿಳಿಯದ್ದನ್ನು ಕೇಳಿ. ಮನಸ್ಸಿಗೆ ಸರಿ ಕಂಡರೆ ನಿಮ್ಮ ಹೆಸರನ್ನು ನೀವೇ ಬರೆಯಿರಿ. ಆ ಅಕ್ಷರ ನಮಗೆ ಕಲಿಸಿದ್ದೂ ಯಾವುದೋ ಒಂದು ಊರ ಸಾಲಿಯೇ.