ಕೊಟ್ಟಿಗೆಹಾರದಲ್ಲಿ ಚಿಪ್‌ಸೆಟ್ಟಿನ ಪಾಠ

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಸುಮಾರು 30 ಕಿ.ಮೀ. ಊರು ಹಿಂದೆ ಸರಿಯುತ್ತಿದ್ದಂತೆ ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳು, ಅವುಗಳ ನೆರಳಿನಲ್ಲಿ ಕಾಫಿ ಗಿಡಗಳು ಬಸ್ಸಿನ ಜೊತೆಗೇ ಸಾಗಿ ಬರುತ್ತವೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಏಳು ಕಾಫಿ ಬೀಜ ತಂದರೆಂಬ ಪ್ರತೀತಿ ಈ ಸೀಮೆಯದು. ಇಲ್ಲಿ ಹಣ ಕೈಸೇರುವುದು ಕೊಯ್ಲು ಮುಗಿದ ಮೇಲೆ, ವರ್ಷಕ್ಕೊಮ್ಮೆ. ಪಿಯುಸಿ ಮುಗಿಸಿದ ಮಗನಿಗೋ ಮಗಳಿಗೋ ಕಂಪ್ಯೂಟರ್ ಕೊಡಿಸಬೇಕಾದದ್ದೂ ಅದೇ ಹಣದಲ್ಲಿ. ಆಯ್ಕೆ ತಪ್ಪಿದರೆ ಮುಂದಿನ ಕೊಯ್ಲಿನವರೆಗೆ ಕಾಯಬೇಕು!

ಮೂಡಿಗೆರೆ ಎಂದೊಡನೆ ನೆನಪಾಗುವವರು ಪೂರ್ಣಚಂದ್ರ ತೇಜಸ್ವಿ. 2007ರಲ್ಲಿ ತೀರಿಕೊಂಡ ಈ ಲೇಖಕರು ಕಾಫಿ ತೋಟದಲ್ಲಿದ್ದುಕೊಂಡೇ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದವರು. ಕಂಪ್ಯೂಟರ್ ಪಟ್ಟಣದವರ ಸೊತ್ತಲ್ಲ ಎಂಬುದು ಈ ಮಲೆನಾಡಿಗೆ ಹೊಸ ಮಾತೇನಲ್ಲ.

ಮೂಡಿಗೆರೆ ದಾಟಿದ ಮೇಲೆ ಸಿಗುವ ಕೊಟ್ಟಿಗೆಹಾರ ಪುಟ್ಟ ಊರು. ನೀರುದೋಸೆಗೆ ಹೆಸರಾದ ಈ ಊರಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಚಾರ್ಮಾಡಿ ಘಾಟಿ ಇಳಿದು ಕರಾವಳಿಗೆ, ಇನ್ನೊಂದು ಕಳಸ, ಹೊರನಾಡಿಗೆ. ಮದರ್‌ಬೋರ್ಡಿನಲ್ಲಿ ಚಿಪ್‌ಸೆಟ್ ಮಾಡುವ ಕೆಲಸವೂ ಇಂಥ ಕವಲೂರಿನದೇ. ಯುಎಸ್‌ಬಿ, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಮುಂತಾದವುಗಳ ದಾರಿಗಳು ಹೆಚ್ಚಾಗಿ ಇಲ್ಲಿ ಸೇರಿ, ಇಲ್ಲಿಂದ ಒಂದೇ ರಸ್ತೆಯಲ್ಲಿ ಪ್ರೊಸೆಸರನ್ನು ತಲುಪುತ್ತವೆ. ಮೆಮೊರಿಗೆ ಮಾತ್ರ ನೇರ ದಾರಿ ಇದೆ. ಹಿಂದಿನ ಕಂಪ್ಯೂಟರುಗಳಲ್ಲಿ ಮೆಮೊರಿಯನ್ನೂ ಚಿಪ್‌ಸೆಟ್ಟೇ ನೋಡಿಕೊಳ್ಳುತ್ತಿತ್ತು. ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ಆ ಹೊಣೆಯನ್ನು ಪ್ರೊಸೆಸರಿನೊಳಕ್ಕೆ ತಂದವು. ಹಾಗಾಗಿ ದುಬಾರಿ ಚಿಪ್‌ಸೆಟ್ ಹಾಕಿದ ಮಾತ್ರಕ್ಕೆ ಪ್ರೊಸೆಸರ್ ಹೆಚ್ಚು ಜಾಣನಾಗುವುದಿಲ್ಲ. ಸೇರುವ ದಾರಿಗಳು ಹೆಚ್ಚುತ್ತವೆ, ಅಷ್ಟೆ.

ಇಂಟೆಲ್ಲಿನ ಎಚ್610, ಬಿ760, ಝೆಡ್790 ಚಿಪ್‌ಸೆಟ್‌ಗಳನ್ನೇ ನೋಡೋಣ. ಮೊದಲೆರಡರಲ್ಲಿ ಪ್ರೊಸೆಸರಿಗೆ ಹೋಗುವ ರಸ್ತೆ ನಾಲ್ಕು ಲೇನಿನದು, ಝೆಡ್790ರಲ್ಲಿ ಎಂಟು ಲೇನಿನದು. ಎಚ್610 ಬೋರ್ಡಿನಲ್ಲಿ ಮೆಮೊರಿಗೆ ಎರಡೇ ಜಾಗ. ಬಿ760ರಲ್ಲಿ ನಾಲ್ಕರವರೆಗೆ ಇರಬಹುದು. ಪ್ರೊಸೆಸರನ್ನು ನಿಗದಿತ ವೇಗ ಮೀರಿ ಓಡಿಸುವ ಓವರ್‌ಕ್ಲಾಕಿಂಗ್‌ಗೆ ಅವಕಾಶವಿರುವುದು ಝೆಡ್‌ನಲ್ಲಿ, ಅದೂ ಅದಕ್ಕೆಂದೇ ಬರುವ ಪ್ರೊಸೆಸರುಗಳಿಗೆ. ಪ್ರೋಗ್ರಾಂ ಬರೆಯುವ, ಕಾಲೇಜಿನ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗೆ ಎಚ್610 ಸಾಕು. ಮುಂದೆ ಮೆಮೊರಿ, ಡಿಸ್ಕ್ ಸೇರಿಸುವ ಯೋಚನೆಯಿದ್ದರೆ ಬಿ760 ಲೇಸು. ಎಎಂಡಿಯಲ್ಲೂ ಎ620, ಬಿ650 ಎಂಬ ಇಂಥದೇ ಮೆಟ್ಟಿಲುಗಳಿವೆ.

ಕೊಟ್ಟಿಗೆಹಾರದಿಂದ ಕಳಸದ ದಾರಿ ತಿರುವುಗಳದ್ದು. ಭದ್ರೆಯ ದಡದ ಕಳಸ, ಕಲಶೇಶ್ವರನ ಊರು. ಹಿಂದೆ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಇದು ಈಗ ತಾನೇ ತಾಲ್ಲೂಕು ಕೇಂದ್ರ. ಜಿಲ್ಲಾ ಕೇಂದ್ರ ಇಲ್ಲಿಂದ ಸುಮಾರು 90 ಕಿ.ಮೀ. ಆಯ್ಕೆಯ ನಿಜವಾದ ಪರೀಕ್ಷೆ ಈ ದೂರದಲ್ಲಿದೆ.

ಎಲ್‌ಜಿಎ1700 ಎಂಬ ಸಾಕೆಟ್ಟಿಗೆ 2021, 2022, 2023ರಲ್ಲಿ ಬಂದ ಮೂರು ತಲೆಮಾರಿನ ಇಂಟೆಲ್ ಪ್ರೊಸೆಸರುಗಳು ಹೊಂದುತ್ತವೆ. ಆದರೆ 2022ರ ಆರಂಭದಲ್ಲಿ ತಯಾರಾದ ಬೋರ್ಡಿಗೆ ಆಮೇಲೆ ಬಂದ ಪ್ರೊಸೆಸರ್ ಕೂರಿಸಿದರೆ, ಅದರ ಬಯೋಸ್ ಎಂಬ ಮೂಲ ತಂತ್ರಾಂಶವನ್ನು ನವೀಕರಿಸದ ಹೊರತು ಪರದೆ ಬೆಳಗದೇ ಹೋಗಬಹುದು. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗಂತೂ ಸಾಕೆಟ್ಟೇ ಬೇರೆ, ಎಲ್‌ಜಿಎ1851. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂತು. 2024ರ ಪ್ರೊಸೆಸರುಗಳೂ ಅದರಲ್ಲೇ ಕೂರುತ್ತವೆ, ಬಯೋಸ್ ಮಾತ್ರ ಹೊಸದಾಗಿರಬೇಕು. ಪಟ್ಟಣದವರಿಗೆ ಇದು ಅರ್ಧ ಗಂಟೆಯ ಕೆಲಸ. ಕಳಸದವರಿಗೆ ಒಂದು ದಿನದ ಪ್ರಯಾಣ; ಆಷಾಢದ ಮಳೆಯಲ್ಲಿ ಗುಡ್ಡ ಕುಸಿದರೆ ಅದಕ್ಕೂ ಹೆಚ್ಚು.

ಆದ್ದರಿಂದ ತಂದೆತಾಯಂದಿರು ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳುವುದು ಒಳಿತು. ಪ್ರೊಸೆಸರಿಗೂ ಬೋರ್ಡಿಗೂ ಸಾಕೆಟ್ ಒಂದೇ ತಾನೆ? ಬಯೋಸ್ ಈ ಪ್ರೊಸೆಸರನ್ನು ಗುರುತಿಸುವುದೆ? ಕೊಳ್ಳುವ ಮೆಮೊರಿ ಬೋರ್ಡಿಗೆ ಹೊಂದುವುದೆ? ಡಿಡಿಆರ್4 ಮೆಮೊರಿ ಡಿಡಿಆರ್5ರ ಜಾಗದಲ್ಲಿ ಕೂರದು. ಮೂರಕ್ಕೂ ಉತ್ತರ ಬಾಯಲ್ಲಿ ಬಂದರೆ ಸಾಲದು. ಎಲ್ಲ ಜೋಡಿಸಿ, ಪರದೆ ಬೆಳಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಪೆಟ್ಟಿಗೆ ಕಟ್ಟಿಸಬೇಕು.

ದೊಡ್ಡ ಚಿಪ್‌ಸೆಟ್ಟಿಗೆ ಸುರಿಯದೆ ಉಳಿಸಿದ ಹಣಕ್ಕೆ ಮಲೆನಾಡಿನಲ್ಲಿ ಒಳ್ಳೆಯ ಉಪಯೋಗವಿದೆ. ಕರೆಂಟ್ ಹೋದಾಗ ಕೆಲಸ ಕಾಯುವ ಯುಪಿಎಸ್, ಸರಿಯಾದ ಅರ್ಥಿಂಗ್ ಎರಡೂ ಇಲ್ಲಿ ಅಗತ್ಯ. ಗುಡುಗು ಕೇಳಿದೊಡನೆ ಕರೆಂಟಿನ ಪ್ಲಗ್ಗನ್ನೂ ನೆಟ್‌ವರ್ಕ್ ತಂತಿಯನ್ನೂ ಕಳಚಿಡಬೇಕು. ಮಳೆಗಾಲದಲ್ಲಿ ದಿನಕ್ಕೊಮ್ಮೆಯಾದರೂ ಯಂತ್ರವನ್ನು ಚಾಲೂ ಮಾಡಿದರೆ ಅದರ ಶಾಖಕ್ಕೆ ಒಳಗಿನ ಥಂಡಿ ಆರುತ್ತದೆ. ಕಾಫಿಯನ್ನು ಕಣದಲ್ಲಿ ಒಣಗಿಸಿ ಕಾಪಾಡಿಕೊಳ್ಳುವ ಜನಕ್ಕೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.