ಎಂಟು ನಿಮಿಷದ ಲಾಭ

24 ತೂತಿನ ಜಾಬು. 23 ಸಲೀಸಾಗಿ ಮುಗಿದಿದ್ದವು. ಕೊನೆಯದರಲ್ಲಿ ‘ಟಕ್’ ಅಂತು. ಟ್ಯಾಪ್ ಒಳಗೇ ಮುರಿದಿತ್ತು.

ಪೀಣ್ಯದಲ್ಲಿ ಸಿಎನ್‌ಸಿ ಪ್ರೋಗ್ರಾಮ್ ಬರೆಯೋದು ನನ್ನ ಕೆಲಸ. ಅದು ಸ್ಟೇನ್‌ಲೆಸ್ ಸ್ಟೀಲಿನ ದಪ್ಪ ಫ್ಲ್ಯಾಂಜು. ಉಳಿದದ್ದು ಎಂ10 ಥ್ರೆಡ್ ಮಾತ್ರ, ಅದೂ ತಳ ಮುಚ್ಚಿದ ತೂತುಗಳಿಗೆ. ಥ್ರೆಡ್ ಮಿಲ್ ಹಾಕೋಣ ಅಂದ ಆಪರೇಟರಿಗೆ, ‘ತೂತಿಗೆ 25 ಸೆಕೆಂಡು ಯಾರು ಕಾಯ್ತಾರೆ? ಟ್ಯಾಪ್ ಆರರಲ್ಲಿ ಮುಗಿಸ್ತದೆ’ ಅಂದವನು ನಾನೇ. ಟ್ಯಾಪಿನದು ಗಟ್ಟಿ ಉಕ್ಕು, ಸಾಮಾನ್ಯ ಡ್ರಿಲ್ಲಿಗೆ ಬಗ್ಗೋದಿಲ್ಲ. ಸ್ಪಾರ್ಕ್ ಮಷಿನ್ನಿನಲ್ಲಿ ತೆಗೆಸಲು ಹೋಗಿ ತೂತೇ ಕೆಟ್ಟಿತು. ಜಾಬು ಗುಜರಿಗೆ. ನಾನು ಉಳಿಸಲು ಹೊರಟಿದ್ದು ಎಂಟು ನಿಮಿಷಕ್ಕೂ ಕಡಿಮೆ!

ಜುಲೈ ಕೊನೆಗೆ ಭಟ್ಕಳಕ್ಕೆ ಹೋದೆ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅಷ್ಟರೊಳಗೆ ಎಲ್ಲರ ರಿಪೇರಿ ಮುಗಿಯಬೇಕು. ಹೀಗಾಗಿ ಮಾವನ ಲೇತ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟು ಅವಸರದಲ್ಲೂ ಮಾವ ಒಂದು ಶಾಫ್ಟ್ ಕಪ್ಲಿಂಗಿಗೆ ಕೈಯಲ್ಲೇ ಟ್ಯಾಪ್ ಹೊಡೀತಿದ್ರು. ಎರಡು ಹನಿ ಎಣ್ಣೆ, ಅರ್ಧ ಸುತ್ತು ಮುಂದೆ, ಚೂರು ತುಂಡಾಗಲು ಕಾಲು ಸುತ್ತು ಹಿಂದೆ.

‘ಮಷಿನ್ನಿಗೆ ಹಾಕಿದ್ರೆ ಬೇಗ ಆಗ್ತಿತ್ತಲ್ಲ ಮಾವ?’

‘ಆಗ್ತದೆ ಮಾರಾಯ. ಮುರಿದ್ರೆ? ನಾಳೆ ಅವರ ಬೋಟು ದಡದಲ್ಲೇ ಕೂತ್ಕೊಳ್ತದೆ.’

ನಾನು ಕೇಳಿದ್ದು ಎಷ್ಟು ಹೊತ್ತು ಅಂತ. ಮಾವ ಲೆಕ್ಕ ಹಾಕಿದ್ದು ಕೆಟ್ಟರೆ ಯಾರಿಗೆ ಎಷ್ಟು ನಷ್ಟ ಅಂತ.

ಥ್ರೆಡ್ ಮಿಲ್ ತೂತಿಗಿಂತ ಸಣ್ಣದು. ಸುತ್ತುತ್ತಾ ಸುರುಳಿಯಾಗಿ ಕೊರೆಯುತ್ತೆ. ಮುರಿದರೂ ಸಾಮಾನ್ಯವಾಗಿ ಕಚ್ಚಿಕೊಳ್ಳದು, ಜಾಬು ಉಳಿಯುತ್ತೆ. ಹಾಗಂತ ಎಲ್ಲಕ್ಕೂ ಅದೇ ಅಲ್ಲ. ಆಳವಾದ ಸಣ್ಣ ತೂತಿನಲ್ಲಿ ಅದು ಬಾಗುತ್ತೆ. ಅಗ್ಗದ ತಗಡಿಗೆ, ಆರಪಾರ ತೂತಿಗೆ, ಸಾವಿರಗಟ್ಟಲೆ ಪೀಸಿಗೆ ಇವತ್ತಿಗೂ ನಾನು ಟ್ಯಾಪೇ ಹಾಕ್ತೇನೆ.

ದುಬಾರಿ ಜಾಬಿನ ಕೊನೆಯ ಕೆಲಸವಾದರೆ ಮಾತ್ರ ಥ್ರೆಡ್ ಮಿಲ್. ವಾಪಸ್ ಬಂದವನೇ ಆ ಆಪರೇಟರಿಗೆ, ‘ನೀವು ಹೇಳಿದ್ದೇ ಸರಿ’ ಅಂದೆ. ಅವರು ನಕ್ಕು ಮಷಿನ್ ಶುರು ಮಾಡಿದರು. 25 ಸೆಕೆಂಡು ಅಂಥಾ ದೊಡ್ಡದೇನಲ್ಲ ಅನ್ನಿಸಿತು.